ಬರಹಗಾರರ ಕೃತಜ್ಞತಾ ಡೈರಿ: ಕೊಳ್ಳುವ ಮುನ್ನ ಒಳಪುಟ ತೆರೆದು ನೋಡಿ

ಕ್ರೈಸ್ತ ಬರಹಗಾರರಿಗೆಂದು ಮಾರಾಟಕ್ಕೆ ಬರುವ ಕೃತಜ್ಞತಾ ಡೈರಿಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು. ಎ5 ಅಳತೆ, ಅಂದರೆ 148 ಮಿ.ಮೀ. ಅಗಲ, 210 ಮಿ.ಮೀ. ಉದ್ದ. ಗಟ್ಟಿ ರಟ್ಟು. ಪುಟದ ನೆತ್ತಿಯಲ್ಲಿ ಒಂದು ಸತ್ಯವೇದ (ಬೈಬಲ್) ವಚನ. ಅದರ ಕೆಳಗೆ 'ಇಂದು ದೇವರಿಗೆ ಸ್ತೋತ್ರ ಹೇಳುವ ಮೂರು ವಿಷಯಗಳು' ಎಂದು ಬರೆದು 1, 2, 3 ಅಂತ ಖಾಲಿ ಗೆರೆ. ಕೆಲವದರಲ್ಲಿ ಪ್ರಾರ್ಥನೆಗೊಂದು ಚೌಕ, ಅಂದು ಎಷ್ಟು ಪದ ಬರೆದಿರಿ ಎಂಬ ಲೆಕ್ಕಕ್ಕೊಂದು ಚೌಕ. ಒಳ್ಳೆಯ ಡೈರಿಗಳಲ್ಲಿ ಮಾತ್ರ ಇನ್ನೊಂದು ಭಾಗ ಇರುತ್ತದೆ: 'ಈ ವಾರ ಯಾರಿಗೆ ಪ್ರೋತ್ಸಾಹದ ಮಾತು ಬರೆಯುತ್ತೀರಿ?' ಆ ಭಾಗ ಇಲ್ಲದ ಡೈರಿಯನ್ನು ಬರಹಗಾರರು ಕೊಳ್ಳಬೇಕಾಗಿಲ್ಲ. ಕೃತಜ್ಞತೆ ಪುಟದಲ್ಲೇ ಉಳಿದುಬಿಟ್ಟರೆ ಅರ್ಧ ಕೆಲಸವಷ್ಟೇ ಆದಂತೆ. ಅದು ಇನ್ನೊಬ್ಬರ ಕೈಗೆ ಮುಟ್ಟುವ ಮಾತಾಗಬೇಕು. ಡೈರಿಯನ್ನು ಅಳೆಯಬೇಕಾದ್ದು ಇದರಿಂದಲೇ.

ಮೊದಲು ಕಾಗದದ ವಿಷಯ. 70 ಜಿ.ಎಸ್.ಎಂ. (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ) ಕಾಗದ ಬಾಲ್ ಪೆನ್ನಿಗೆ ಸಾಕು. ಶಾಯಿ ಪೆನ್ನಿನಲ್ಲಿ ಬರೆದರೆ ಶಾಯಿ ಹಿಂಬದಿಗೆ ಇಳಿದು ಆ ಪುಟ ಹಾಳಾಗುವ ಸಂಭವವೇ ಹೆಚ್ಚು. 100 ಜಿ.ಎಸ್.ಎಂ. ಆದರೆ ಸಾಮಾನ್ಯವಾಗಿ ತಡೆಯುತ್ತದೆ. ಹಾಗೆಂದು ತೂಕವೊಂದನ್ನೇ ನಂಬುವಂತಿಲ್ಲ, ಶಾಯಿ ಹೀರುವಂಥದ್ದಾದರೆ ದಪ್ಪ ಕಾಗದದಲ್ಲೂ ಶಾಯಿ ಹರಡುತ್ತದೆ. ಬೈಂಡಿಂಗ್ ದಾರದ ಹೊಲಿಗೆಯದೇ ಆಗಿರಲಿ. ಬೆನ್ನಿನ ಮೇಲ್ತುದಿಯನ್ನು ನೋಡಿದರೆ ಗೊತ್ತಾಗುತ್ತದೆ: ಮಡಿಸಿದ ಹಾಳೆಗಳ ಕಟ್ಟುಗಳು ಬೇರೆಬೇರೆಯಾಗಿ ಕಂಡರೆ ಹೊಲಿಗೆ, ಎಲ್ಲ ಹಾಳೆ ಒಂದೇ ಸಮ ಕತ್ತರಿಸಿ ಮೆತ್ತಿದಂತಿದ್ದರೆ ಬರೀ ಅಂಟು. ಅಂಟಿನ ಡೈರಿ ಸಾಮಾನ್ಯವಾಗಿ ಮೇಜಿನ ಮೇಲೆ ಚಪ್ಪಟೆಯಾಗಿ ಬಿಚ್ಚಿಕೊಳ್ಳುವುದಿಲ್ಲ. ಒತ್ತಿ ಬಿಚ್ಚಿದರೆ ಬೆನ್ನು ಬಿರಿದು ಹಾಳೆ ಕಳಚುತ್ತದೆ.

ಕನ್ನಡದಲ್ಲಿ ಬರೆಯುವವರು ಇನ್ನೊಂದನ್ನು ಗಮನಿಸಬೇಕು. ಈ ಡೈರಿಗಳ ಗೆರೆಗಳ ನಡುವಿನ ಅಂತರ ಹೆಚ್ಚಾಗಿ 6 ಅಥವಾ 7 ಮಿ.ಮೀ. ಇರುತ್ತದೆ. ಕೃತಜ್ಞತೆ, ಸ್ತೋತ್ರ, ವಿಶ್ವಾಸ ಎಂದು ಬರೆದು ನೋಡಿ, ಪ್ರತಿ ಪದದ ಒತ್ತಕ್ಷರವೂ ಕೆಳಗೆ ಇಳಿದು ಮುಂದಿನ ಸಾಲಿನ ಗುಡಿಸು, ಏತ್ವಗಳಿಗೆ ತಾಗುತ್ತದೆ. 8 ಮಿ.ಮೀ. ಇದ್ದರೆ ಕೈ ಸಲೀಸಾಗಿ ಓಡುತ್ತದೆ. ಅಷ್ಟು ಅಂತರ ಸಿಗದಿದ್ದರೆ ಗೆರೆ ಇಲ್ಲದ ಪುಟವೇ ವಾಸಿ.

ತಾರೀಖು ಅಚ್ಚಾಗಿರುವುದು ಬೇಡ. ಜ್ವರ ಬಂದು ನಾಲ್ಕು ದಿನ ಬಿಟ್ಟರೆ ಆ ನಾಲ್ಕು ಖಾಲಿ ಪುಟ ಡೈರಿ ಮುಗಿಯುವ ತನಕ ಕಣ್ಣಿಗೆ ಕುಕ್ಕುತ್ತವೆ. ಎಷ್ಟೋ ಡೈರಿಗಳು ಅಲ್ಲಿಗೇ ನಿಂತುಹೋಗುತ್ತವೆ.

ಈಗ ಆ ಮೂರು ಗೆರೆಗಳ ಕಡೆ ಬರೋಣ. ಮೊದಲ ವಾರ ಸೊಗಸಾಗಿ ತುಂಬುತ್ತವೆ. ಎರಡನೆಯ ವಾರದಿಂದ 'ಆರೋಗ್ಯ, ಕುಟುಂಬ, ಬರೆಯಲು ಸಮಯ' ಎಂದು ಅವೇ ಮೂರು ಸುತ್ತತೊಡಗುತ್ತವೆ. ತಪ್ಪು ಬರೆಯುವವರದಲ್ಲ, ಪ್ರಶ್ನೆಯದು. 'ಏನು' ಎಂದಷ್ಟೇ ಕೇಳಿದರೆ ಮನಸ್ಸು ದೊಡ್ಡ ದೊಡ್ಡ ಹೆಸರು ಹೇಳಿ ಎದ್ದುಹೋಗುತ್ತದೆ. ಮೂರರ ಬದಲು ಒಂದೇ ವಿಷಯ ಕೇಳಿ, ಅದರ ಕೆಳಗೆ 'ಯಾರ ಮೂಲಕ ಬಂತು? ಎಲ್ಲಿ ಬಂತು? ಅದಿಲ್ಲದಿದ್ದರೆ ಇಂದು ಯಾವ ಸಾಲು ಬರೆಯಲಾಗುತ್ತಿರಲಿಲ್ಲ?' ಎಂದು ಕೇಳುವ ಡೈರಿ ಸಿಕ್ಕರೆ ಬಿಡಬೇಡಿ. 'ಸಮಯ ಸಿಕ್ಕಿತು' ಎಂದು ಬರೆಯುವ ಜಾಗದಲ್ಲಿ 'ಮಗುವನ್ನು ಅಕ್ಕ ಎರಡು ಗಂಟೆ ನೋಡಿಕೊಂಡಳು, ಎರಡನೇ ಅಧ್ಯಾಯದ ಕೊನೆ ಕೂತು ಮುಗಿಯಿತು' ಎಂದು ಬರುತ್ತದೆ. ಮೊದಲನೆಯದಕ್ಕೆ ಯಾರಿಗೂ ಹೋಗಿ ವಂದನೆ ಹೇಳಲಾಗದು. ಎರಡನೆಯದು ಅಕ್ಕನ ಮನೆ ಬಾಗಿಲಿಗೇ ಕರೆದೊಯ್ಯುತ್ತದೆ.

ಪ್ರತಿದಿನ ಬರೆಯಲೇಬೇಕೆಂಬ ಹಟವೂ ಬೇಡ. ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕಲ್ ಮೆಕಲೋ ಕೃತಜ್ಞತೆಯ ಬಗ್ಗೆ 2003ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಮತ್ತೆ ಮತ್ತೆ ಉಲ್ಲೇಖವಾಗುತ್ತದೆ. ಅದರ ಒಂದು ಭಾಗದಲ್ಲಿ ಜನ ಬರೆದದ್ದು ವಾರಕ್ಕೊಮ್ಮೆ, ಹೆಚ್ಚೆಂದರೆ ಐದು ವಿಷಯ. ದಿನವೂ ಬೇಕೆನ್ನುವವರಿಗೆ ಯೇಸುಸಭೆಯ (ಜೆಸ್ವಿಟ್) ಸ್ಥಾಪಕ ಇಗ್ನೇಷಿಯಸ್ ಲೊಯೋಲಾ 16ನೇ ಶತಮಾನದಲ್ಲಿ ಕಲಿಸಿದ ಆತ್ಮಪರಿಶೀಲನೆಯ ಕ್ರಮ ಇದೆ. ಅದರ ಐದು ಹಂತಗಳಲ್ಲಿ ಮೊದಲನೆಯದೇ ದೇವರಿಗೆ ವಂದನೆ. ಕೃಪೆಗಾಗಿ ಬೇಡಿಕೆ, ದಿನದ ಪರಿಶೀಲನೆ, ಕ್ಷಮೆ, ಮುಂದಿನ ನಿರ್ಧಾರ ಆಮೇಲೆ ಬರುತ್ತವೆ. ಬರವಣಿಗೆಯ ದಿನಕ್ಕೂ ಅದು ಚೆನ್ನಾಗಿ ಹೊಂದುತ್ತದೆ.

ಪುಟದ ನೆತ್ತಿಯ ವಚನಗಳನ್ನು ಆರಿಸಿರುವ ರೀತಿ ಮಾತ್ರ ಬಹುತೇಕ ಡೈರಿಗಳಲ್ಲಿ ಬೇಸರ ತರಿಸುತ್ತದೆ. ಯೆರೆಮೀಯ 29:11 ಇಲ್ಲದ ಡೈರಿಯೇ ಇಲ್ಲವೇನೋ. ನಿಮ್ಮ ಹಿತಕ್ಕಾಗಿಯೇ ಯೋಚಿಸಿದ್ದೇನೆ ಎಂದು ದೇವರು ಹೇಳುವ ಆ ವಚನ ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರದ ಮಾತು, ಅದರ ಹಿಂದಿನ ವಚನದಲ್ಲೇ 70 ವರ್ಷ ಕಾಯಬೇಕೆಂದಿದೆ. ಹಿಂದಿನ ವಚನ ಬಿಟ್ಟು ಅದೊಂದನ್ನೇ ಅಚ್ಚು ಹಾಕಿದರೆ, ಪ್ರಕಾಶಕರ ಉತ್ತರಕ್ಕೆ ಕಾದು ಕೂತವರು ಅದನ್ನು ಪುಸ್ತಕ ಹೊರಬರುವ ಭರವಸೆ ಎಂದೇ ಓದಿಕೊಳ್ಳುತ್ತಾರೆ. ಹಸ್ತಪ್ರತಿ ವಾಪಸು ಬಂದಾಗ ಕುಸಿಯುವುದು ಬರೀ ಪುಸ್ತಕದ ಆಸೆಯಲ್ಲ. ಬಲಪಡಿಸುವಾತನಿಂದ ಎಲ್ಲಕ್ಕೂ ಶಕ್ತನಾಗಿದ್ದೇನೆ ಎನ್ನುವ ಫಿಲಿಪ್ಪಿ 4:13ರದೂ ಇದೇ ಪಾಡು. ಅದರ ಮೊದಲು ಆ ಪತ್ರ ಬರೆದ ಪೌಲ ಹೇಳುತ್ತಿರುವುದು ಹಸಿವೆಯಲ್ಲೂ ಕೊರತೆಯಲ್ಲೂ ಇರಲು ಕಲಿತ ಸಂಗತಿ. 11ರಿಂದ 13ರವರೆಗೆ ಒಟ್ಟಿಗೆ ಕೊಟ್ಟಿರುವ ಡೈರಿ ಕಂಡರೆ, ಅದನ್ನು ಸಿದ್ಧಪಡಿಸಿದವರು ಸತ್ಯವೇದವನ್ನು ಕೂತು ಓದಿದವರು ಎಂದು ನಂಬಬಹುದು.

ಅದಕ್ಕಿಂತ ದೊಡ್ಡ ಕೊರತೆಯೆಂದರೆ ಅಳಲಿಗೆ ಜಾಗವಿಲ್ಲದಿರುವುದು. ಸತ್ಯವೇದದ ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಮೊರೆಯಿಡುವ ಕೀರ್ತನೆಗಳೇ. ಆದರೂ ಡೈರಿಯ ಪುಟ ಪುಟದಲ್ಲೂ ಸ್ತೋತ್ರಕ್ಕೆ ಮಾತ್ರ ಗೆರೆ. ತಿಂಗಳುಗಟ್ಟಲೆ ದುಡಿದ ಲೇಖನ ತಿರಸ್ಕಾರವಾದ ದಿನ ಆ ಗೆರೆ ತುಂಬಲು ಕೂತರೆ ಸುಳ್ಳು ಬರೆಯಬೇಕಾಗುತ್ತದೆ, ಇಲ್ಲವೇ ಡೈರಿ ಮುಚ್ಚಬೇಕಾಗುತ್ತದೆ. 13ನೇ ಕೀರ್ತನೆ ಇದಕ್ಕೆ ಸಿದ್ಧ ಮಾದರಿ. ಇರುವುದೇ ಆರು ವಚನ: ಮೊದಲೆರಡು 'ಎಷ್ಟರವರೆಗೆ' ಎಂಬ ದೂರು, ಮುಂದಿನೆರಡು ಬೇಡಿಕೆ, ಕೊನೆಯೆರಡು ಭರವಸೆ ಮತ್ತು ಹಾಡು. ತಿಂಗಳಿಗೊಂದು ಖಾಲಿ ಪುಟವನ್ನು ಹೀಗೆ ಮೂರು ಪಾಲು ಮಾಡಿಕೊಂಡರೆ ಸಾಕು. ಅಂದು ಮೂರನೇ ಪಾಲು ಖಾಲಿ ಉಳಿದರೂ ಉಳಿಯಲಿ. 88ನೇ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ, ಅದೂ ಸತ್ಯವೇದದಲ್ಲಿಯೇ ಇದೆ.

ಬರಹಗಾರರ ಡೈರಿ ಎಂದ ಮೇಲೆ ಬಾರೂಕನ ಹೆಸರಾದರೂ ಇರಬೇಕಿತ್ತು, ಎಲ್ಲೂ ಕಾಣುವುದಿಲ್ಲ. ಕ್ರಿ.ಪೂ. 605ರ ಸುಮಾರಿಗೆ ಪ್ರವಾದಿ ಯೆರೆಮೀಯನ ಬಾಯಿಂದ ಕೇಳಿ ಕೇಳಿ ಸುರುಳಿ ಬರೆದವನು ಅವನು. ಮೂರು ನಾಲ್ಕು ಅಂಕಣ ಓದಿ ಹೇಳಿದ ಹಾಗೆಲ್ಲ ಅರಸ ಯೆಹೋಯಾಕೀಮ ಅದನ್ನು ಚಾಕುವಿನಿಂದ ಕತ್ತರಿಸಿ ಬೆಂಕಿಗೆ ಹಾಕಿಸಿದ. ಬಾರೂಕ ಇನ್ನೊಂದು ಸುರುಳಿ ಹಿಡಿದು ಎಲ್ಲವನ್ನೂ ಮತ್ತೆ ಬರೆದ, ಅದಕ್ಕೆ ಇನ್ನೂ ಮಾತುಗಳು ಸೇರಿದವು. ಯೆರೆಮೀಯ 45ನೇ ಅಧ್ಯಾಯ, ಬರೀ ಐದು ವಚನ, ದಣಿದು ನರಳಿದ ಈ ಬರಹಗಾರನೊಬ್ಬನಿಗೆಂದೇ ಬಂದ ಮಾತು. ಅದರಲ್ಲಿ ಹೊಗಳಿಕೆ ಇಲ್ಲ. ದೊಡ್ಡದನ್ನು ನಿನಗಾಗಿ ಹುಡುಕಬೇಡ ಎಂಬ ಎಚ್ಚರ ಇದೆ, ಹೋದಲ್ಲೆಲ್ಲ ಪ್ರಾಣ ಉಳಿಯುವುದೆಂಬ ಅಭಯ ಇದೆ. ಪ್ರೋತ್ಸಾಹ ಎಂದರೆ ಸಿಹಿ ಮಾತು ಎಂದುಕೊಂಡವರು ಈ ಐದು ವಚನ ಓದಬೇಕು.

ಇನ್ನು ಪ್ರೋತ್ಸಾಹದ ಪುಟ. ಉತ್ತಮ ವಿನ್ಯಾಸದಲ್ಲಿ ವಾರಕ್ಕೊಂದು ಪುಟ, ಅದರಲ್ಲಿ ನಾಲ್ಕು ಅಂಕಣ ಇರುತ್ತದೆ: ಹೆಸರು, ಯಾವ ಬರಹ ಅಥವಾ ಯಾವ ಉಪಕಾರ, ಅದರಲ್ಲಿ ನಿರ್ದಿಷ್ಟವಾಗಿ ಏನು, ಕಳಿಸಿದ ತಾರೀಖು. ಕೊನೆಯ ಅಂಕಣ ಇಲ್ಲದ ಡೈರಿಗಳಲ್ಲಿ ಹೆಸರುಗಳು ಗುಡ್ಡೆ ಬೀಳುತ್ತವೆ, ಪತ್ರ ಒಂದೂ ಹೋಗುವುದಿಲ್ಲ. ಕೆಲವು ಡೈರಿಗಳು 'ಉತ್ತರ ಬಂತೇ' ಎಂಬ ಐದನೇ ಅಂಕಣ ಸೇರಿಸಿವೆ. ಅದನ್ನು ಹೊಡೆದುಹಾಕಿ. ಕೊಟ್ಟ ಪ್ರೋತ್ಸಾಹ ಆ ಅಂಕಣದಿಂದಾಗಿ ಕೊಟ್ಟ ಸಾಲವಾಗಿಬಿಡುತ್ತದೆ.

ಇಲ್ಲಿ ಬರೆಯುವುದು ಹೇಗೆ ಎಂಬುದಕ್ಕೆ ಡೈರಿಗಳು ಕೊಡುವ ಮಾದರಿ ವಾಕ್ಯಗಳು ಸಪ್ಪೆ. 'ನಿಮ್ಮ ಲೇಖನ ತುಂಬಾ ಚೆನ್ನಾಗಿದೆ, ದೇವರು ನಿಮ್ಮನ್ನು ಇನ್ನೂ ಹೆಚ್ಚಾಗಿ ಉಪಯೋಗಿಸಲಿ' ಎಂಬುದು ಯಾರಿಗೆ ಬೇಕಾದರೂ ಕಳಿಸಬಹುದಾದ ಮಾತು. ಪಡೆದವರಿಗೂ ಅದು ಗೊತ್ತಾಗುತ್ತದೆ. ಇದನ್ನು ನೋಡಿ: 'ಮೂರನೇ ಪ್ಯಾರಾದಲ್ಲಿ ವಿಧವೆಯ ಎರಡು ಕಾಸಿನ ಬಗ್ಗೆ ಬರೆಯುವಾಗ ನೀವು ಉಪದೇಶಕ್ಕೆ ಇಳಿಯದೆ, ಆಕೆ ಕಾಣಿಕೆ ಹಾಕಿ ಹೋದದ್ದನ್ನಷ್ಟೇ ತೋರಿಸಿದ್ದೀರಿ. ಓದು ಅಲ್ಲಿಗೇ ನಿಲ್ಲಿಸಿ ಲೂಕ 21 ತೆರೆದೆ.' ಎಲ್ಲಿ, ಏನು, ಓದುಗರಿಗೆ ಏನಾಯಿತು, ಮೂರೂ ಎರಡೇ ವಾಕ್ಯದಲ್ಲಿ ಬಂತು. ನಾಲ್ಕರಿಂದ ಆರು ಸಾಲು ಮೀರಬೇಕಾಗಿಲ್ಲ. 'ಆದರೆ' ಬರಕೂಡದು. ತಿದ್ದುಪಡಿ ಹೇಳುವುದಿದ್ದರೆ ಅವರು ಕೇಳಿದಾಗ, ಬೇರೆ ಪತ್ರದಲ್ಲಿ. ಅದೇ ಪತ್ರದ ಕೊನೆಗೆ 'ನನ್ನ ಹಸ್ತಪ್ರತಿಯನ್ನೂ ಸ್ವಲ್ಪ ನೋಡಿ' ಎಂದು ಸೇರಿಸಿದರೆ ಮೇಲಿನ ಅಷ್ಟೂ ಮಾತು ಪೀಠಿಕೆಯಾಗಿ ಹೋಗುತ್ತದೆ.

ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯವನ್ನು ಡೈರಿಯ ಮೊದಲ ಪುಟದಲ್ಲೇ ಅಚ್ಚು ಹಾಕಬಹುದಿತ್ತು. ಪೌಲ ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನರ ಹೆಸರು ಹಿಡಿದು ವಂದನೆ ಹೇಳುತ್ತಾನೆ, ಹಲವರಿಗೆ ಕಾರಣವನ್ನೂ ಕೊಡುತ್ತಾನೆ. ಪ್ರಿಸ್ಕ, ಅಕ್ವಿಲರು ತನಗಾಗಿ ಕುತ್ತಿಗೆ ಒಡ್ಡಿದವರು. ಪೆರ್ಸೀಸಳು ಬಹಳ ದುಡಿದವಳು. ರೂಫನ ತಾಯಿ ತನಗೂ ತಾಯಿ. 22ನೇ ವಚನದಲ್ಲಿ ಪತ್ರವನ್ನು ಕೈಯಾರೆ ಬರೆದ ತೆರ್ತ್ಯನೇ ತಲೆಯೆತ್ತಿ ತನ್ನ ವಂದನೆ ಸೇರಿಸುತ್ತಾನೆ. ಹೆಸರಿನ ಅಂಕಣ ತುಂಬುವಾಗ ಬರಹಗಾರರು ಹೆಚ್ಚಾಗಿ ಹೆಸರಾಂತರನ್ನೇ ನೆನೆಯುತ್ತಾರೆ. ಕರಡು ತಿದ್ದಿದವರು, ಟೈಪ್ ಮಾಡಿದವರು, ಪುಸ್ತಕ ಎರವಲು ಕೊಟ್ಟವರು, ಸಭೆಯ ಮಾಸಿಕಕ್ಕೆ ಮೊದಲ ಬಾರಿ ಅರ್ಧ ಪುಟ ಬರೆದ ಹುಡುಗಿ, ಇವರಿಗೆ ಬರುವ ಪತ್ರಗಳೇ ಕಡಿಮೆ. ಎರಡು ವಾರಕ್ಕೊಮ್ಮೆಯಾದರೂ ಆ ಅಂಕಣದಲ್ಲಿ ತೆರ್ತ್ಯನ ಸಾಲಿನವರೊಬ್ಬರು ಬರಲಿ.

ಬಂದ ಪ್ರೋತ್ಸಾಹವನ್ನು ಇಟ್ಟುಕೊಳ್ಳಲು ಹಿಂಬದಿಯಲ್ಲಿ ಕಾಗದದ ಜೇಬು ಇದ್ದರೆ ಒಳ್ಳೆಯದು, ಆದರೂ ಮಾತನ್ನು ಕೈಯಲ್ಲಿ ನಕಲು ಮಾಡಿಡಿ. ಫೋನ್ ಬದಲಾದಾಗ ಸಂದೇಶಗಳು ಮಾಯವಾಗಬಹುದು. ಯಾರು, ಯಾವಾಗ, ಯಾವ ಬರಹಕ್ಕೆ, ಅವರದೇ ಮಾತಿನಲ್ಲಿ. ಮೆಚ್ಚುಗೆಯ ಸಂಖ್ಯೆ ಬರೆಯಬೇಡಿ, ಅದು ಇನ್ನೊಬ್ಬರ ಸಂಖ್ಯೆಯ ಕಡೆಗೇ ಕಣ್ಣು ಹಾಯಿಸುವಂತೆ ಮಾಡುತ್ತದೆ. ಈ ಪುಟಗಳನ್ನು ದಿನವೂ ತಿರುವಿ ಹಾಕುವುದೂ ಹಿತವಲ್ಲ, ಹೊಗಳಿಕೆಯ ಹಸಿವು ಅದರಿಂದಲೇ ಬೆಳೆಯುವುದು. ಹಸ್ತಪ್ರತಿ ತಿರುಗಿ ಬಂದ ದಿನ, ಸಂಪಾದಕರಿಗೆ ಉತ್ತರ ಬರೆಯುವ ಮೊದಲು ಒಂದು ಪುಟ ಓದಿ. ಸಿಟ್ಟಿನ ಉತ್ತರ ಹೋಗದಂತೆ ತಡೆಯಲು ಅಷ್ಟು ಸಾಕಾಗಬಹುದು.

ಆ್ಯಪ್‌ಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಹುಡುಕುವ ಸೌಲಭ್ಯ ನಿಜವಾಗಿ ಉಪಯುಕ್ತ. ಎಷ್ಟು ದಿನ ಬಿಡದೆ ಬರೆದಿರಿ ಎಂದು ಎಣಿಸುವ ಸೌಲಭ್ಯವನ್ನು ಮೊದಲ ದಿನವೇ ನಿಲ್ಲಿಸಿ. ಬರೆದದ್ದನ್ನೆಲ್ಲ ಫೈಲ್ ಆಗಿ ಹೊರತೆಗೆಯಲು ಬಿಡದ ಆ್ಯಪ್‌ನಲ್ಲಿ ಒಂದು ಸಾಲನ್ನೂ ಬರೆಯಬೇಡಿ.

ಅಚ್ಚಿನ ಡೈರಿ ಕೊಳ್ಳುವವರು ಕೊನೆಯಲ್ಲಿ ಕನಿಷ್ಠ ನಾಲ್ಕು ಖಾಲಿ ಪುಟ ಇದೆಯೇ ನೋಡಿ. ಅಲ್ಲಿ ಹೆಸರುಗಳ ಅಕಾರಾದಿ ಪಟ್ಟಿ ಇಡಬೇಕು: ಹೆಸರು, ಎದುರಿಗೆ ಪುಟ ಸಂಖ್ಯೆ. ಪುಟ ಸಂಖ್ಯೆ ಅಚ್ಚಾಗಿರದಿದ್ದರೆ ಮೊದಲ ದಿನವೇ ಕೈಯಲ್ಲಿ ಹಾಕಿಕೊಳ್ಳಿ. ಪುಸ್ತಕ ಅಚ್ಚಿಗೆ ಹೋಗುವ ಗಡಿಬಿಡಿಯಲ್ಲಿ ಕೃತಜ್ಞತೆಯ ಪುಟ ಬರೆಯುವಾಗ ಬಿಟ್ಟುಹೋಗುವುದು ಎರಡು ವರ್ಷದ ಹಿಂದೆ ನೆರವಾದವರ ಹೆಸರು, ಅದು ಈ ಪಟ್ಟಿಯಲ್ಲಿರುತ್ತದೆ. ಮೇಲೆ ಹೇಳಿದ ಅಂಕಣಗಳಿರುವ ಡೈರಿ ಸಿಗದಿದ್ದರೆ ದಾರದ ಹೊಲಿಗೆಯ ಸಾದಾ ನೋಟ್‌ಬುಕ್ಕೇ ತನ್ನಿ. ಎಡಪುಟ ಸ್ತೋತ್ರಕ್ಕೆ, ಬಲಪುಟ ಪತ್ರಗಳ ಅಂಕಣಕ್ಕೆ ಎಂದು ಸ್ಕೇಲ್ ಹಿಡಿದು ಗೆರೆ ಎಳೆದುಕೊಂಡರೆ ಆಯಿತು.