ಚಾರ್ಟಿನ ಮೇಲಿನ ಕ್ಲಿಕ್: ಮ್ಯಾಟ್‌ಪ್ಲಾಟ್‌ಲಿಬ್ ಮತ್ತು ಡ್ಯಾಶ್

ಕೊಳವೆಬಾವಿಗಳ ನೀರಿನ ಮಟ್ಟದ ಅಳತೆಗಳನ್ನು ಪೈಥಾನ್‌ನಲ್ಲಿ ಪರಿಶೀಲಿಸುವಾಗ ನನಗೆ ಬೇಕಾದದ್ದು ಒಂದೇ ಸೌಲಭ್ಯ: ಅನುಮಾನ ಬಂದ ಬಿಂದುವನ್ನು ಕ್ಲಿಕ್ ಮಾಡಿದರೆ ಅದು ಕೆಂಪಾಗಬೇಕು, ಮತ್ತೆ ಅದನ್ನೇ ಕ್ಲಿಕ್ ಮಾಡಿದರೆ ಮೊದಲಿನ ಬಣ್ಣಕ್ಕೆ ಮರಳಬೇಕು. ಚಾರ್ಟ್ ಬಿಡಿಸುವ ಪೈಥಾನ್ ಲೈಬ್ರರಿ ಮ್ಯಾಟ್‌ಪ್ಲಾಟ್‌ಲಿಬ್ ಮತ್ತು ಚಾರ್ಟನ್ನು ಬ್ರೌಸರಿನಲ್ಲಿ ತೋರಿಸುವ ಡ್ಯಾಶ್ ಎರಡನ್ನೂ ಬಳಸಿ ನೋಡಿದ ಮೇಲೆ ನಾನು ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲೇ ಉಳಿದಿದ್ದೇನೆ.

ನೋಟಕ್ಕೆ ಡ್ಯಾಶ್ ಚೆನ್ನ, ಅದರಲ್ಲಿ ಅನುಮಾನವಿಲ್ಲ. ತೊಡಕಿರುವುದು ಕ್ಲಿಕ್ಕಿನಲ್ಲಿ. ಅಲ್ಲಿ ಕ್ಲಿಕ್ಕಿನ ವಿವರ ಗ್ರಾಫಿನ 'ಕ್ಲಿಕ್‌ಡೇಟಾ' ಎಂಬ ಗುಣದಲ್ಲಿ ಬಂದು ಕೂರುತ್ತದೆ. ಆ ಮೌಲ್ಯ ಬದಲಾದಾಗ ಮಾತ್ರ ಕಾಲ್‌ಬ್ಯಾಕ್, ಅಂದರೆ ಕ್ಲಿಕ್ಕಿಗೆ ಉತ್ತರವಾಗಿ ನಾವು ಬರೆದಿಟ್ಟ ಫಂಕ್ಷನ್, ಓಡುತ್ತದೆ. ಒಂದೇ ಬಿಂದುವನ್ನು ಎರಡನೇ ಸಲ ಒತ್ತಿದಾಗ ಮೌಲ್ಯ ಮೊದಲಿನದೇ ಆಗಿರುವುದರಿಂದ ಏನೂ ನಡೆಯುವುದಿಲ್ಲ, ದೋಷದ ಸಂದೇಶವೂ ಕಾಣುವುದಿಲ್ಲ. ಗುರುತು ತೆಗೆಯಬೇಕೆಂದರೆ ನಡುವೆ ಇನ್ನೊಂದು ಬಿಂದುವನ್ನು ಒತ್ತಬೇಕು, ಆಗ ಸರಿಯಿದ್ದ ಅಳತೆಯೂ ಕೆಂಪಾಗುತ್ತದೆ.

ಇದಕ್ಕೆ ಪರಿಹಾರವಿದೆ. 'ಕ್ಲಿಕ್‌ಡೇಟಾ'ವನ್ನು ಅದೇ ಕಾಲ್‌ಬ್ಯಾಕಿನ ಔಟ್‌ಪುಟ್ ಆಗಿಯೂ ಕೊಟ್ಟು, ಕೆಲಸ ಮುಗಿದೊಡನೆ ಅದನ್ನು 'ನನ್' (None, ಪೈಥಾನ್‌ನ ಖಾಲಿ ಮೌಲ್ಯ) ಮಾಡಬಹುದು. ಆದರೆ ಚಾರ್ಟಿನ ಪಕ್ಕದ ಕೋಷ್ಟಕವೂ ಅದೇ ಗುಣವನ್ನು ನಂಬಿಕೊಂಡಿದ್ದರೆ, 'ನನ್' ಅಲ್ಲಿಗೂ ತಲುಪಿ, ಈಗಷ್ಟೇ ತೋರಿಸಿದ ವಿವರವನ್ನು ಅಳಿಸಿಹಾಕುತ್ತದೆ; ಆದ್ದರಿಂದ ಅಲ್ಲಿಯೂ ಒಂದು ತಪಾಸಣೆ ಸೇರಿಸಬೇಕು. ಗುರುತು ಹಾಕಿ ತೆಗೆಯುವಷ್ಟು ಸಣ್ಣ ಕೆಲಸಕ್ಕೆ ಇಷ್ಟು ಕಾವಲು ಬೇಕಾಗುವುದು ನನಗೆ ಒಪ್ಪಿಗೆಯಾಗಲಿಲ್ಲ.

ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಬಿಂದುಗಳಿಗೆ 'ಪಿಕರ್' (ಕ್ಲಿಕ್ಕಿಗೆ ಸಿಗುವಂತೆ ಮಾಡುವ ಆಯ್ಕೆ) ಕೊಟ್ಟು, 'ಪಿಕ್_ಇವೆಂಟ್' ಎಂಬ ಕ್ಲಿಕ್ಕಿನ ಘಟನೆಗೆ ಫಂಕ್ಷನ್ ಜೋಡಿಸಿದರೆ ಪ್ರತಿ ಕ್ಲಿಕ್ಕೂ ಬಂದು ತಲುಪುತ್ತದೆ, ಹಿಂದೆ ಒತ್ತಿದ ಬಿಂದುವೇ ಆದರೂ ಸರಿ. ಜೂಮ್ ಗುಂಡಿ ಒತ್ತಿಕೊಂಡಿರುವಾಗ ಈ ಘಟನೆ ಏಳುವುದಿಲ್ಲ. ಹಿಗ್ಗಿಸಿ ನೋಡುವಾಗ ಅಕಸ್ಮಾತ್ ಗುರುತು ಬೀಳದಿರುವುದು ನನಗೆ ದೊಡ್ಡ ಅನುಕೂಲ. ಬಿಂದುಗಳು ಒತ್ತೊತ್ತಾಗಿದ್ದರೆ ಆ ಘಟನೆಯ 'ಇಂಡ್' ಎಂಬ ಪಟ್ಟಿಯಲ್ಲಿ ಹಲವು ಬಿಂದುಗಳ ಕ್ರಮಸಂಖ್ಯೆಗಳು ಒಟ್ಟಿಗೆ ಬರುತ್ತವೆ, ಕರ್ಸರಿಗೆ ಹತ್ತಿರದ್ದನ್ನು ನಾವೇ ಆರಿಸಿಕೊಳ್ಳಬೇಕು. ಕಾಲ್‌ಬ್ಯಾಕ್ ಒಂದು ಕ್ಲಾಸಿನ ಮೆಥಡ್ ಆಗಿದ್ದರೆ ಆ ಆಬ್ಜೆಕ್ಟನ್ನು ಒಂದು ವೇರಿಯಬಲ್‌ನಲ್ಲಿ ಹಿಡಿದಿಟ್ಟುಕೊಳ್ಳಬೇಕು. ಚಿತ್ರದ ಕ್ಯಾನ್‌ವಾಸ್ ಅದನ್ನು ದುರ್ಬಲವಾಗಿ ಮಾತ್ರ ನೆನಪಿಡುತ್ತದೆ, ಹಾಗಾಗಿ ಹಿಡಿದಿಡದಿದ್ದರೆ ಆಬ್ಜೆಕ್ಟ್ ಅಳಿದು ಕ್ಲಿಕ್ಕಿಗೆ ಉತ್ತರ ಬರುವುದಿಲ್ಲ. ಬ್ರೌಸರಿನಲ್ಲಿ ಕೋಡ್ ಓಡಿಸುವ ಜುಪಿಟರ್ ನೋಟ್‌ಬುಕ್ಕಿನ 'ಇನ್‌ಲೈನ್' (ಸ್ಥಿರ) ಚಿತ್ರಗಳಲ್ಲಿ ಕ್ಲಿಕ್ ಕೆಲಸ ಮಾಡದು, ಅದಕ್ಕೆ 'ಐಪಿವೈಎಂಪಿಎಲ್' (ipympl) ಎಂಬ ಪ್ಯಾಕೇಜಿನಂಥದ್ದು ಬೇಕು.

ನಾನು ಒಬ್ಬನೇ, ಒಂದೇ ಲ್ಯಾಪ್‌ಟಾಪಿನಲ್ಲಿ, ಚಾರ್ಟಿನ ಕಿಟಕಿ ತೆರೆದು ಅಳತೆ ನೋಡುವವನು. ಸರ್ವರ್ ಬಾಡಿಗೆಗೆ ಹಣ ತೆಗೆದಿಟ್ಟಿಲ್ಲ. ಹಲವರು ಬ್ರೌಸರಿನಲ್ಲಿ ಇದೇ ಚಾರ್ಟನ್ನು ತಿದ್ದಬೇಕಾಗಿದ್ದರೆ ಡ್ಯಾಶನ್ನೇ ಆರಿಸಿ, ಆ 'ನನ್' ಸಾಲನ್ನು ಮೊದಲ ದಿನವೇ ಬರೆದಿಡುತ್ತಿದ್ದೆ.