ಎಸ್.ಪಿ. ರಸ್ತೆಯ ಒಂದು ಲ್ಯಾಪ್‌ಟಾಪ್ ರಿಪೇರಿ ಅಂಗಡಿ: ಕೆಲಸ ಚೊಕ್ಕ, ಪೋಸ್ಟರ್ ಸುಳ್ಳು

ವಿಡಿಯೊ ಎಡಿಟ್ ಮಾಡಲು ಕೂತರೆ ಕಾದ ಹೆಂಚಿನಂತಾಗಿ ಹತ್ತೇ ನಿಮಿಷದಲ್ಲಿ ತೆವಳತೊಡಗುತ್ತಿದ್ದ ನನ್ನ ಲ್ಯಾಪ್‌ಟಾಪನ್ನು ಕಳೆದ ವಾರ ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ರಿಪೇರಿ ಅಂಗಡಿಗೆ ಒಯ್ದಿದ್ದೆ. ಅಲ್ಲಿಯ ಹಿರಿಯ ಮೆಕ್ಯಾನಿಕ್ ನನ್ನೆದುರಿಗೇ ತಳಭಾಗ ಬಿಚ್ಚಿ, ಫ್ಯಾನಿಗೆ ಕಂಬಳಿಯಂತೆ ಮೆತ್ತಿಕೊಂಡಿದ್ದ ಧೂಳನ್ನು ಬ್ರಷ್ಷಿನಿಂದ ತೆಗೆದು, ಪ್ರೊಸೆಸರಿನ ಮೇಲೆ ಒಣಗಿ ಪುಡಿಯಾಗಿದ್ದ ಥರ್ಮಲ್ ಪೇಸ್ಟನ್ನು (ಪ್ರೊಸೆಸರಿನ ಬಿಸಿಯನ್ನು ಹೊರಸಾಗಿಸಲು ನೆರವಾಗುವ ಲೇಪ) ಒರೆಸಿ, ಹೊಸದನ್ನು ಕಡಲೆಕಾಳಿನಷ್ಟು ಹಚ್ಚಿದರು. 97 ಡಿಗ್ರಿ ಮುಟ್ಟುತ್ತಿದ್ದ ಉಷ್ಣತೆ ಅದೇ ಕೆಲಸಕ್ಕೆ ಈಗ 81ರಲ್ಲಿ ನಿಲ್ಲುತ್ತಿದೆ. ಕೊಟ್ಟದ್ದು 900 ರೂಪಾಯಿ, ಹಿಡಿದದ್ದು ಮುಕ್ಕಾಲು ಗಂಟೆ.

ಇನ್ನಷ್ಟು ವೇಗವಾಗಿ ಓಡಿಸಲಾಗದೇ ಎಂದು ಕೇಳಿದ್ದಕ್ಕೆ ಅವರು, "ಓಡಿಸಬಹುದು ಸಾರ್, ಆ ಬಿಸೀನ ಎಲ್ಲಿಗೆ ಕಳಿಸೋದು?" ಎಂದರು. ಮಾತು ಸರಿಯಾಗಿಯೇ ಇತ್ತು. ವೇಗ ಹೆಚ್ಚಿಸಬೇಕಾದರೆ ವೋಲ್ಟೇಜನ್ನೂ ಏರಿಸಬೇಕಾಗುತ್ತದೆ, ಖರ್ಚಾಗುವ ವಿದ್ಯುತ್ತು ವೋಲ್ಟೇಜಿನ ವರ್ಗದ ಪ್ರಮಾಣದಲ್ಲಿ ಏರುತ್ತದೆ, ಅಷ್ಟೂ ಬಿಸಿಯಾಗಿಯೇ ಹೊರಬರುತ್ತದೆ. 4 ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ 400 ಕೋಟಿ ಮಿಡಿತಗಳ, ಪೆಂಟಿಯಂ 4 ಪ್ರೊಸೆಸರ್ ತರುವ ಯೋಜನೆಯನ್ನು ಇಂಟೆಲ್ 2004ರಲ್ಲಿ ಕೈಬಿಟ್ಟು, ಮುಂದೆ ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕಗಳಾದ ಕೋರ್‌ಗಳ ಸಂಖ್ಯೆ ಹೆಚ್ಚಿಸುವ ದಾರಿ ಹಿಡಿದದ್ದರ ಹಿಂದೆಯೂ ಇದೇ ತಾಪತ್ರಯವಿತ್ತು. ಬಿಸಿಯನ್ನು ಹೇಗೋ ಗೆದ್ದರೂ, ಆ ವೇಗದ ಒಂದು ಮಿಡಿತದಲ್ಲಿ ಬೆಳಕೇ ಕ್ರಮಿಸುವುದು ಏಳೂವರೆ ಸೆಂಟಿಮೀಟರ್. ಲ್ಯಾಪ್‌ಟಾಪಿನ ಈ ತುದಿಯಿಂದ ಆ ತುದಿಗೂ ಅದು ಮುಟ್ಟುವುದಿಲ್ಲ.

ಒಂದು ಸ್ಟಾರ್ ಕಳೆದದ್ದು ಗಲ್ಲಾದ ಪಕ್ಕದ ಆಂಟಿವೈರಸ್ ಪೋಸ್ಟರಿಗಾಗಿ. "ಎಲ್ಲ ವೈರಸ್ ಪತ್ತೆ, ಒಂದೂ ತಪ್ಪಿಲ್ಲ" ಎಂದು ಅದರಲ್ಲಿದೆ. ಎಲ್ಲವನ್ನೂ ವೈರಸ್ ಎಂದುಬಿಟ್ಟರೆ ಯಾವುದೂ ತಪ್ಪಿಸಿಕೊಳ್ಳುವುದಿಲ್ಲ, ನಿಜ. ಆಗ ಕ್ಯಾಲ್ಕುಲೇಟರೂ ವೈರಸ್ಸೇ. ಎಂದೂ ತಪ್ಪದ ವೈರಸ್ ಪರೀಕ್ಷಕ ಪ್ರೋಗ್ರಾಮ್ ಇರಲಾರದೆಂದು, 1936ರಲ್ಲಿ ಗಣಿತಜ್ಞ ಅಲನ್ ಟ್ಯೂರಿಂಗ್ ಹಾಕಿಕೊಟ್ಟ ತರ್ಕದ ಜಾಡಿನಲ್ಲೇ, ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಕೋಹೆನ್ 1980ರ ದಶಕದಲ್ಲಿ ತೋರಿಸಿದ್ದಾರೆ. ತನ್ನ ಬಗ್ಗೆ ಆ ಪರೀಕ್ಷಕನನ್ನೇ ಕೇಳಿ, "ವೈರಸ್" ಎಂದರೆ ಸುಮ್ಮನಿದ್ದು, "ಅಲ್ಲ" ಎಂದರೆ ಹರಡುವ ಒಂದು ಪ್ರೋಗ್ರಾಮನ್ನು ಬರೆದರೆ ಸಾಕು, ಪರೀಕ್ಷಕ ಯಾವ ಉತ್ತರ ಕೊಟ್ಟರೂ ಅದು ಸುಳ್ಳಾಗುತ್ತದೆ. ಕಂಪ್ಯೂಟರ್ ಎಷ್ಟೇ ದೊಡ್ಡದಾದರೂ ಇದು ಬದಲಾಗದು. ಆಂಟಿವೈರಸ್ಸೇ ಬೇಡವೆಂದು ನಾನು ಹೇಳುತ್ತಿಲ್ಲ, ಮನೆಯ ಯಂತ್ರದಲ್ಲಿ ನಾನೂ ಒಂದನ್ನು ಇಟ್ಟುಕೊಂಡಿದ್ದೇನೆ.

ಕೇಳದೆಯೇ ಆ ಪೋಸ್ಟರಿನ ಆಂಟಿವೈರಸ್ಸಿನ 1,200 ರೂಪಾಯಿಯನ್ನು ಬಿಲ್ಲಿಗೆ ಸೇರಿಸಿದ್ದರು. ಬೇಡವೆಂದಾಗ ಗಲ್ಲಾದ ಹುಡುಗ, "ಕಂಪನಿಯವರು ಅಂಟಿಸಿ ಹೋದ ಪೋಸ್ಟರ್ ಸಾರ್" ಎನ್ನುತ್ತ ಮರುಮಾತಿಲ್ಲದೆ ತೆಗೆದ. ಗಾಡಿ ನಿಲ್ಲಿಸಲು ಜಾಗವಿಲ್ಲ, ಚಿಕ್ಕಪೇಟೆ ಮೆಟ್ರೊ ನಿಲ್ದಾಣದಲ್ಲಿಳಿದು ನಡೆಯುವುದೇ ವಾಸಿ. ಹಿರಿಯ ಮೆಕ್ಯಾನಿಕ್ ಇದ್ದಾರೆಯೇ ಎಂದು ಮೊದಲು ಫೋನ್ ಮಾಡಿ ಕೇಳಿಕೊಳ್ಳಿ.