ಮಾಸ್ತರ್ ಇಲ್ಲದ ಸಂಜೆಯ ಪಾಠ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಒಂದು ಓದುಕೋಣೆಗೆ ನಾಲ್ಕು ತಿಂಗಳಿಂದ ಹೋಗುತ್ತಿದ್ದೇನೆ. ಕುರ್ಚಿ, ಬೆಳಕು ಚೆನ್ನಾಗಿವೆ. ಆದರೆ ನನ್ನನ್ನು ಹಿಡಿದಿಟ್ಟಿದ್ದು ಸಂಜೆಯ ಚರ್ಚೆ. ಮಾಸ್ತರ್ ಇಲ್ಲ. ನಾವು ಆರು ಜನ, ವಿಷಯವೂ ನಮ್ಮದೇ.

ಒಮ್ಮೆ ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸೌಲಭ್ಯ ಕೊಡುವ ಸಂವಿಧಾನದ 371ಜೆ ಕಲಂ ನನ್ನ ಪಾಲಿಗೆ ಬಂತು. 98ನೇ ತಿದ್ದುಪಡಿ, ಮೀಸಲಾತಿ ಅಂತ ಬಾಯಿಪಾಠ ಒಪ್ಪಿಸಿದೆ. ಯಾದಗಿರಿಯ ಗೆಳತಿ ತಡೆದು, "ಅದರಲ್ಲಿ ಹೇಳಿರೋ ಅಭಿವೃದ್ಧಿ ಮಂಡಳಿ ಯಾರಿಗೆ ಲೆಕ್ಕ ಕೊಡಬೇಕು, ಹೇಳು?" ಎಂದಳು. ಉತ್ತರ ಬರಲಿಲ್ಲ. ರಾತ್ರಿ ಕಲಂ ಪೂರ್ತಿ ಓದಿದೆ. ಪ್ರತಿ ವರ್ಷ ಮಂಡಳಿಯ ಕೆಲಸದ ವರದಿ ವಿಧಾನಸಭೆಯ ಮುಂದೆ ಬರಬೇಕು! ಈಗ ಮರೆಯುವುದಿಲ್ಲ.

ಚರ್ಚೆಗೆ ಬೇರೆ ಕೋಣೆ ಇಲ್ಲ, ಅದೊಂದೇ ಕೊರತೆ. ಪಕ್ಕದವರು ಓದಬೇಕು ಅಲ್ವಾ? ಅದಕ್ಕೇ ಮಾಳಿಗೆ ಹತ್ತುತ್ತೇವೆ. ಬೇಸಿಗೆಯಲ್ಲಿ ಸಂಜೆ ಏಳಕ್ಕೂ ನೆಲ ಕಾದಿರುತ್ತದೆ. ಒಂದು ಕೊಡ ನೀರು ಚೆಲ್ಲಿ, ಚಾಪೆ ಹಾಸಿ ಕೂರುತ್ತೇವೆ.